ಪಡಿತರ ಚೀಟಿಯೂ ಒಂದು ಅಮಾನತ್

(ಕ್ಯಾಸಂಬಳ್ಳಿಯಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

 ಮೊದಲು ನಮಗೆ, ಆಮೇಲೆ ನಿಮಗೆ, ತಕ್ವಾದ ನೆನಪು ಮಾಡುತ್ತೇವೆ.



ಈಗ ಚಹಾ ಅಂಗಡಿಯಲ್ಲಿ ಕುಳಿತರೂ, ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲು ಹತ್ತಿದರೂ ಕಿವಿಗೆ ಬೀಳುವುದು ಮೂರೇ ವಿಷಯ. ಸರಕಾರ ಜನರಿಗೆ ಹೀಗೆ ಹಣ, ಅಕ್ಕಿ, ಕರೆಂಟ್ ಕೊಡುವುದು ಸರಿಯೇ ಎಂಬುದು ಒಂದು. ಮನೆಯ ಹೆಂಗಸಿನ ಖಾತೆಗೆ ಬರುವ ಹಣ ಯಾರದು ಎಂಬುದು ಎರಡನೆಯದು. ಹೊರಗಿನಿಂದ ಬಂದವರು ನಮ್ಮ ಕೆಲಸ, ನಮ್ಮ ಅನ್ನ ಕಿತ್ತುಕೊಳ್ಳುತ್ತಿದ್ದಾರೆಯೇ ಎಂಬುದು ಮೂರನೆಯದು. ಈ ಮೂರೂ ರಾಜಕೀಯದ ಮಾತು, ಮಸೀದಿಯಲ್ಲಿ ಇದಕ್ಕೇನು ಕೆಲಸ ಎಂದು ಕೆಲವರು ಕೇಳಬಹುದು. ಮಿಂಬರ್ ಯಾವ ಪಕ್ಷದ ವೇದಿಕೆಯೂ ಅಲ್ಲ, ಯಾರಿಗೆ ಓಟು ಹಾಕಬೇಕೆಂದು ನಾವು ಇಲ್ಲಿ ನಿಂತು ಹೇಳುವುದಿಲ್ಲ. ಆದರೆ ಈ ಮೂರರಲ್ಲೂ ಹಲಾಲ್ ಇದೆ, ಹರಾಮ್ ಇದೆ, ಇನ್ನೊಬ್ಬರ ಹಕ್ಕು ಇದೆ. ಅದನ್ನು ಹೇಳದೆ ಸುಮ್ಮನಿದ್ದರೆ ಮಿಂಬರ್ ಏರಿದ್ದಕ್ಕೆ ಅರ್ಥವಿಲ್ಲ.

ಇನ್ನೊಂದು ಮಾತು. ರಾಜ್ಯದ ವ್ಯವಹಾರ ನಮಗೆ ದೂರದ್ದು ಎಂದು ಈ ಊರಿನವರು ಹೇಳಬಾರದು. ಸ್ವಾತಂತ್ರ್ಯ ಬಂದಾಗ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಯಾದ ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿಯವರು ಇದೇ ಮಣ್ಣಿನವರು. ಅವರ ಹೆಸರಿನಲ್ಲೇ ನಮ್ಮ ಊರು ಇದೆ.

ಬಿಟ್ಟಿಯೋ, ಹಕ್ಕೋ?

2023ರಲ್ಲಿ ರಾಜ್ಯದಲ್ಲಿ ಐದು ಗ್ಯಾರಂಟಿ ಯೋಜನೆಗಳು ಬಂದವು. ಜೂನ್ 11ರಿಂದ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ. ಜುಲೈಯಲ್ಲಿ ಹೆಚ್ಚುವರಿ ಅಕ್ಕಿ ಹೊಂದಿಸಲಾಗದೆ, ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿದರು. ಮನೆಗೆ 200 ಯೂನಿಟ್‌ವರೆಗೆ ಕರೆಂಟ್. ಆಗಸ್ಟ್ 30ರಿಂದ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. 2024ರ ಜನವರಿಯಿಂದ ಕೆಲಸ ಸಿಗದ ಪದವೀಧರರಿಗೆ 3,000, ಡಿಪ್ಲೊಮಾ ಆದವರಿಗೆ 1,500. 2024-25ರ ಬಜೆಟ್ಟಿನಲ್ಲಿ ಇವಕ್ಕೆಲ್ಲ ಸೇರಿ ಸುಮಾರು 52,000 ಕೋಟಿ ರೂಪಾಯಿ ಇಟ್ಟರು.

ಇದನ್ನು ಬಿಟ್ಟಿ ಭಾಗ್ಯ ಎಂದು ಗೇಲಿ ಮಾಡುವವರಿದ್ದಾರೆ. ಪಡೆಯುವವರಲ್ಲೂ ಕೆಲವರು ತಲೆ ತಗ್ಗಿಸಿ ಪಡೆಯುತ್ತಾರೆ. ಇನ್ನು ಕೆಲವರು ಸಿಕ್ಕಿದ್ದು ಲಾಭ ಎಂದು ಬಾಚಿಕೊಳ್ಳುತ್ತಾರೆ. ದೀನ್ ಇದನ್ನು ಹೇಗೆ ನೋಡುತ್ತದೆ?

ಕುರ್‌ಆನ್ ಬಡವನ ಪಾಲನ್ನು ಕರೆಯುವಾಗ ಬಳಸಿದ ಪದ 'ಹಕ್'. ಉಳ್ಳವನ ಸಂಪತ್ತಿನಲ್ಲಿ ಕೇಳುವವನಿಗೂ ಕೇಳಲಾರದೆ ವಂಚಿತನಾದವನಿಗೂ ಹಕ್ಕಿದೆ ಎಂಬುದು ಅದರ ಬೋಧನೆ. ದಯೆ ತೋರಿಸಿದರೆ ತೋರಿಸಿ, ಇಲ್ಲದಿದ್ದರೆ ಬಿಡಿ ಎಂದು ಅದು ಬಿಟ್ಟುಬಿಡಲಿಲ್ಲ. ಖಲೀಫ ಉಮರ್ (ರ) ದೀವಾನ್ ಎಂಬ ದಫ್ತರ್ ಮಾಡಿಸಿದರು. ಯಾರಿಗೆ ಎಷ್ಟು ಸಲ್ಲಬೇಕು ಎಂದು ಹೆಸರು ಹೆಸರಾಗಿ ಬರೆಸಿದರು. ಒಮ್ಮೆ ಕಣ್ಣು ಕಾಣದ ಮುದುಕನೊಬ್ಬ ಬೇಡುತ್ತಿರುವುದನ್ನು ಅವರು ಕಂಡರು. ವಿಚಾರಿಸಿದಾಗ ಅವನು ಯಹೂದಿ ಎಂದು ತಿಳಿಯಿತು. ಅವನ ಕೈ ಹಿಡಿದು ಮನೆಗೆ ಕರೆದೊಯ್ದು ಇದ್ದದ್ದು ಕೊಟ್ಟರು. ಆಮೇಲೆ ಬೈತುಲ್ ಮಾಲ್ ನೋಡಿಕೊಳ್ಳುವವರನ್ನು ಕರೆಸಿ, ಈತನಿಗೂ ಈತನಂಥವರಿಗೂ ಖಜಾನೆಯಿಂದ ಕೊಡಬೇಕೆಂದು ಆಜ್ಞೆ ಮಾಡಿದರು, ಅವನ ಮೇಲಿದ್ದ ತೆರಿಗೆಯನ್ನು ಮನ್ನಾ ಮಾಡಿದರು. ಖಜಾನೆಯಿಂದ ಕೊಡುವಾಗ ಅವರು ನೋಡಿದ್ದು ಹಸಿವನ್ನು.

ನಮ್ಮ ದೇಶದಲ್ಲೂ 2013ರ ಆಹಾರ ಭದ್ರತಾ ಕಾಯ್ದೆ ಧಾನ್ಯವನ್ನು ಹಕ್ಕು ಎಂದೇ ಕರೆಯಿತು. ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ. ಪಕ್ಕದ ತಮಿಳುನಾಡಿನಲ್ಲಿ 2023ರ ಸೆಪ್ಟೆಂಬರ್‌ನಿಂದ ಹೆಂಗಸರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವ ಯೋಜನೆಯ ಹೆಸರಿನಲ್ಲೇ 'ಉರಿಮೈ' ಎಂಬ ಪದ ಇದೆ. ಉರಿಮೈ ಎಂದರೆ ಹಕ್ಕು. ಇನ್ನು ಇದು ಯಾರ ಹಣ? ಬೆಂಕಿಪೊಟ್ಟಣ, ಸಾಬೂನು, ಮೊಬೈಲ್ ರೀಚಾರ್ಜ್, ಏನೇ ಕೊಂಡರೂ ಅದರಲ್ಲಿ ತೆರಿಗೆ ಇದೆ. ಕೂಲಿಯವನೂ ಕಟ್ಟುತ್ತಾನೆ, ಶ್ರೀಮಂತನೂ ಕಟ್ಟುತ್ತಾನೆ. ಹಾಗಾಗಿ ಅರ್ಹನಾದವನು ನಾಚಿಕೆಪಡಬೇಕಾಗಿಲ್ಲ. ಅವನನ್ನು ಗೇಲಿ ಮಾಡುವವನೇ ನಾಚಬೇಕು.

ಒಂದು ದಿರ್ಹಮ್ ಅನ್ನಕ್ಕೆ, ಒಂದು ದಿರ್ಹಮ್ ಕೊಡಲಿಗೆ

ಹೀಗೆ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎಂಬ ಮಾತೂ ಇದೆ. ಇದನ್ನು ಪೂರ್ತಿ ತಳ್ಳಿಹಾಕುವುದು ಬೇಡ. ಇದಕ್ಕೆ ಉತ್ತರ ನೀವೆಲ್ಲ ಮದರಸಾದಲ್ಲಿ ಕೇಳಿದ ಒಂದು ಹದೀಸಿನಲ್ಲೇ ಇದೆ.

ಅನ್ಸಾರಿಯೊಬ್ಬರು ಸಹಾಯ ಕೇಳಿಕೊಂಡು ಪ್ರವಾದಿ (ಸ) ಅವರ ಬಳಿ ಬಂದರು. ಮನೆಯಲ್ಲಿ ಏನೂ ಇಲ್ಲವೇ ಎಂದು ಪ್ರವಾದಿ ವಿಚಾರಿಸಿದರು. ಅರ್ಧ ಹೊದ್ದು ಅರ್ಧ ಹಾಸಿಕೊಳ್ಳುವ ಒಂದು ದಪ್ಪ ಬಟ್ಟೆ, ನೀರು ಕುಡಿಯುವ ಒಂದು ಬಟ್ಟಲು, ಇಷ್ಟೇ ಇತ್ತು. ಅವೆರಡನ್ನೂ ತರಿಸಿ, ಸಹಾಬಿಗಳ ನಡುವೆ ಹರಾಜು ಕೂಗಿ ಎರಡು ದಿರ್ಹಮ್‌ಗೆ ಮಾರಿದರು. ಒಂದು ದಿರ್ಹಮ್‌ನಿಂದ ಮನೆಯವರಿಗೆ ಆಹಾರ ಕೊಳ್ಳಲು ಹೇಳಿದರು, ಇನ್ನೊಂದರಿಂದ ಕೊಡಲಿ ತರಲು ಹೇಳಿದರು. ಕೊಡಲಿಗೆ ಕಾವು ಹಾಕಿದ್ದು ಪ್ರವಾದಿಯವರೇ, ತಮ್ಮ ಕೈಯಾರೆ. ಸೌದೆ ಕಡಿದು ಮಾರು, ಹದಿನೈದು ದಿನ ಇತ್ತ ಬರಬೇಡ ಎಂದು ಕಳಿಸಿದರು. ಆತ ಹತ್ತು ದಿರ್ಹಮ್ ಸಂಪಾದಿಸಿ ಬಂದರು.

ನಾವು ಈ ಹದೀಸನ್ನು ಹೇಳುವಾಗ ಕೊಡಲಿಯ ಮಾತನ್ನಷ್ಟೇ ಹೇಳಿಬಿಡುತ್ತೇವೆ. ಮೊದಲ ದಿರ್ಹಮ್ ಮರೆಯುತ್ತೇವೆ. ಮನೆಯಲ್ಲಿ ಮಕ್ಕಳು ಹಸಿದಿರುವಾಗ ಯಾರೂ ಸೌದೆ ಕಡಿಯಲಾರರು, ಅದಕ್ಕೇ ಮೊದಲು ಅನ್ನ. ಆದರೆ ಎರಡೂ ದಿರ್ಹಮ್ ಅನ್ನಕ್ಕೇ ಹೋಗಿದ್ದರೆ ಆತ ಹದಿನಾರನೆಯ ದಿನ ಮತ್ತೆ ಬಾಗಿಲಿಗೆ ಬರುತ್ತಿದ್ದರು. ಅಕ್ಕಿ ಕೊಡಬೇಡಿ ಎನ್ನುವವರೂ, ಅಕ್ಕಿ ಕೊಟ್ಟರೆ ಸಾಕು ಎನ್ನುವವರೂ ಈ ಹದೀಸಿನ ಅರ್ಧವನ್ನಷ್ಟೇ ಓದಿದ್ದಾರೆ.

ಈ ಎರಡನೆಯ ದಿರ್ಹಮ್‌ನ ಬೆಲೆ ನಮ್ಮ ಕಡೆಯ ಜನರಿಗೆ ಗೊತ್ತಿದೆ. 2001ರ ಫೆಬ್ರವರಿ 28ರಂದು ಕೆಜಿಎಫ್ ಚಿನ್ನದ ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷ ಮೂರು ತಲೆಮಾರಿಗೆ ಅನ್ನ ಹಾಕಿದ ಕೆಲಸ ನಿಂತುಹೋಯಿತು. ಆ ಮೇಲೆ ಸಾವಿರಾರು ಜನ ನಸುಕಿನಲ್ಲೇ ಎದ್ದು ಮಾರಿಕುಪ್ಪಂನಿಂದ, ಬಂಗಾರಪೇಟೆಯಿಂದ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಿದ್ದಾರೆ. ಸೋಮಾರಿಗಳು ಹಾಗೆ ಹೋಗುವುದಿಲ್ಲ. ಆದ್ದರಿಂದ ಸರಕಾರದಿಂದ ಕೇಳುವಾಗ ಅಕ್ಕಿಯ ಜೊತೆ ಕೆಲಸವನ್ನೂ ಕೇಳಿ, ಐಟಿಐ ಕೇಳಿ, ಹೆಣ್ಣುಮಕ್ಕಳಿಗೆ ಹತ್ತಿರದಲ್ಲಿ ಕಾಲೇಜು ಕೇಳಿ. ಮನೆಗೆ ಬರುವ 2,000 ರೂಪಾಯಿ ವರ್ಷಕ್ಕೆ 24,000 ಆಗುತ್ತದೆ. ಅದರಲ್ಲಿ ಒಂದು ಪಾಲು ಕೊಡಲಿಗೆ ಹೋಗಲಿ, ಅಂದರೆ ಮಗಳ ಫೀಸಿಗೆ, ಹೊಲಿಗೆ ಯಂತ್ರಕ್ಕೆ, ಒಂದು ಆಡಿಗೆ ಹೋಗಲಿ. ಮದುವೆಯ ಪಂಡಾಲಿಗೆ ಹೋದರೆ ಮರುದಿನ ಅದರ ಗುರುತೂ ಉಳಿಯುವುದಿಲ್ಲ.

ನಮ್ಮದಲ್ಲದ್ದನ್ನು ತೆಗೆದುಕೊಂಡರೆ

ಸಹೋದರರೇ, ಈಗ ಕಷ್ಟದ ಮಾತಿಗೆ ಬರುತ್ತೇವೆ. ಇದು ಯಾರನ್ನೂ ಬೊಟ್ಟು ಮಾಡಿ ತೋರಿಸಲು ಅಲ್ಲ.

ವರ್ಷಕ್ಕೆ 1.20 ಲಕ್ಷಕ್ಕಿಂತ ಹೆಚ್ಚು ಆದಾಯ ಇರುವವರು, ಸ್ವಂತಕ್ಕೆ ಕಾರು ಇಟ್ಟುಕೊಂಡವರು, ಸರಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರು ಬಿಪಿಎಲ್ ಕಾರ್ಡಿಗೆ ಅರ್ಹರಲ್ಲ ಎಂದು ನಿಯಮ. ಎರಡು ಮಹಡಿ ಮನೆ, ಬಾಗಿಲಲ್ಲಿ ಕಾರು, ಮಗ ಗಲ್ಫ್‌ನಲ್ಲಿ, ಕೈಯಲ್ಲಿ ಬಿಪಿಎಲ್ ಕಾರ್ಡ್ ಇದ್ದರೆ ಅದಕ್ಕೆ ಏನೆನ್ನಬೇಕು? ಕೆಲಸ ಸಿಕ್ಕಿದ ಮೇಲೂ ನಿರುದ್ಯೋಗಿ ಎಂದು ಘೋಷಣೆ ಕೊಟ್ಟು ಯುವನಿಧಿ ಪಡೆಯುವ ಹುಡುಗ ಇದ್ದರೆ, ಆ ಘೋಷಣೆ ಸುಳ್ಳು ಸಾಕ್ಷಿ ಅಲ್ಲದೆ ಇನ್ನೇನು? ನ್ಯಾಯಬೆಲೆ ಅಂಗಡಿಯ ಅಕ್ಕಿಯನ್ನು ದಲ್ಲಾಳಿಗೆ ಮಾರಿದರೆ ಅದು ಕಾನೂನಿನಲ್ಲೂ ಅಪರಾಧ. ಆ ಅಕ್ಕಿ ಬೇಡದ ಮನೆ ಅದಕ್ಕೆ ಅರ್ಹವೇ ಎಂದು ಆ ಮನೆಯವರೇ ಕೇಳಿಕೊಳ್ಳಬೇಕು. ಬಾಡಿಗೆದಾರನ ಮೀಟರಿಗೆ ಸೊನ್ನೆ ಬಿಲ್ ಬಂದರೂ ಅವನಿಂದ ಕರೆಂಟಿನ ದುಡ್ಡು ವಸೂಲಿ ಮಾಡುವ ಮಾಲೀಕನಿದ್ದರೆ, ಅವನು ತಿನ್ನುತ್ತಿರುವುದು ಬಾಡಿಗೆಯಲ್ಲ.

ಖೈಬರ್‌ನಿಂದ ಹಿಂತಿರುಗುವಾಗ ನಡೆದ ಘಟನೆಯನ್ನು ಕೇಳಿ. ಪ್ರವಾದಿ (ಸ) ಅವರ ಸೇವೆಯಲ್ಲಿದ್ದ ಮಿದ್‌ಅಮ್ ಎಂಬವರಿಗೆ ಎಲ್ಲಿಂದಲೋ ಬಂದ ಬಾಣ ತಗುಲಿ ಅವರು ತೀರಿಕೊಂಡರು. ಶಹೀದ್ ಆದರು, ಎಂಥ ಭಾಗ್ಯ ಎಂದು ಜನ ಹೇಳಿದರು. ಪ್ರವಾದಿ ಒಪ್ಪಲಿಲ್ಲ. ಖೈಬರ್‌ನಲ್ಲಿ ಸಿಕ್ಕ ಸೊತ್ತು ಹಂಚಿಕೆಯಾಗುವ ಮೊದಲೇ ಆತ ಎತ್ತಿಕೊಂಡ ಒಂದು ಹೊದಿಕೆ ಅವನ ಮೇಲೆ ಬೆಂಕಿಯಾಗಿ ಉರಿಯುತ್ತಿದೆ ಎಂದು ಆಣೆಯಿಟ್ಟು ಹೇಳಿದರು. ಅದನ್ನು ಕೇಳಿದ ಇನ್ನೊಬ್ಬರು ಓಡಿಬಂದು, ತಾನು ಎತ್ತಿಕೊಂಡಿದ್ದ ಚಪ್ಪಲಿಯ ಬಾರನ್ನು ಒಪ್ಪಿಸಿದರು. ಪ್ರವಾದಿಯ ಜೊತೆ ಹೋದವರಿಗೇ ಒಂದು ಹೊದಿಕೆಯ ಲೆಕ್ಕ ತಪ್ಪಲಿಲ್ಲ. ಸಾರ್ವಜನಿಕರ ಸೊತ್ತು ಹಾಗಿರುತ್ತದೆ. ಒಬ್ಬನಿಂದ ಕದ್ದರೆ ಅವನೊಬ್ಬನ ಬಳಿ ಕ್ಷಮೆ ಕೇಳಬಹುದು. ಏಳು ಕೋಟಿ ಜನರ ಹಣ ತಿಂದವನು ಯಾರ ಮನೆ ಬಾಗಿಲಿಗೆ ಹೋಗಿ ಕ್ಷಮೆ ಕೇಳಬೇಕು?

ಎಲ್ಲರೂ ಮಾಡುತ್ತಾರಲ್ಲ ಎಂದು ಕೆಲವರು ಹೇಳುತ್ತಾರೆ. ಪರಲೋಕದಲ್ಲಿ ಎಲ್ಲರ ಲೆಕ್ಕ ಒಟ್ಟಿಗೆ ಆಗುವುದಿಲ್ಲ. ಸರಕಾರ ನಮ್ಮ ಸಮುದಾಯಕ್ಕೆ ಅನ್ಯಾಯ ಮಾಡಿದೆ, ನಾವು ನಾಲ್ಕು ಕಾಸು ಹೆಚ್ಚು ತೆಗೆದುಕೊಂಡರೆ ತಪ್ಪೇನು ಎಂದು ಇನ್ನು ಕೆಲವರು ವಾದಿಸುತ್ತಾರೆ. ಅನ್ಯಾಯವಾದರೆ ಅದಕ್ಕೆ ಅರ್ಜಿ ಇದೆ, ಕೋರ್ಟ್ ಇದೆ, ಓಟು ಇದೆ. ಅನರ್ಹನ ಹೆಸರು ಪಟ್ಟಿಯಲ್ಲಿ ಉಳಿದಾಗ ಪೆಟ್ಟು ಬೀಳುವುದು ಹೊಸ ಕಾರ್ಡಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿರುವ ವಿಧವೆಗೆ. ಅವಳು ನಮ್ಮ ಬೀದಿಯವಳೇ ಆಗಿರಬಹುದು.

ಅರ್ಹತೆ ಇಲ್ಲದ ಕಾರ್ಡ್ ಇದ್ದರೆ ತಾಲ್ಲೂಕಿನ ಆಹಾರ ಶಾಖೆಗೆ ಹೋಗಿ ಒಪ್ಪಿಸಿ, ಎಪಿಎಲ್‌ಗೆ ಬದಲಾಯಿಸಿಕೊಳ್ಳಿ. ಊರಿನ ಮುಂದೆ ಹೇಳಬೇಕಾಗಿಲ್ಲ, ನಮಗೂ ಹೇಳಬೇಕಾಗಿಲ್ಲ. ಅಲ್ಲಾಹನು ನೋಡುತ್ತಾನೆ.

ನಿಯಮ ತಪ್ಪಾದರೆ

ಹಾಗೆಂದು ಸರಕಾರ ಮಾಡಿದ ನಿಯಮವೆಲ್ಲ ಸರಿ ಎಂದು ನಾವು ಹೇಳುತ್ತಿಲ್ಲ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳ ಪರಿಶೀಲನೆ ನಡೆದಾಗ ಅನೇಕ ಬಡವರ ಕಾರ್ಡುಗಳೂ ಹೋದವು. ಜನ ಕೂಗೆಬ್ಬಿಸಿದ ಮೇಲೆ ಅರ್ಹರ ಕಾರ್ಡ್ ವಾಪಸ್ ಕೊಡುವುದಾಗಿ ಸರಕಾರ ಹೇಳಿತು. ಬ್ಯಾಂಕ್ ಸಾಲಕ್ಕೆಂದು ಯಾರೋ ಹೇಳಿದರೆಂದು ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸಿದ ಸಣ್ಣ ವ್ಯಾಪಾರಿ, ಒಂದು ಪೈಸೆ ತೆರಿಗೆ ಕಟ್ಟದಿದ್ದರೂ, ಕಂಪ್ಯೂಟರಿನ ಕಣ್ಣಿಗೆ ಶ್ರೀಮಂತನಾಗಿಬಿಡಬಹುದು. ಹಳ್ಳಿಯ ಮುದುಕಿಯ ಬೆರಳಚ್ಚು ಸವೆದು ಯಂತ್ರ ಒಪ್ಪದಿದ್ದರೆ ಅಕ್ಕಿ ತಪ್ಪುತ್ತದೆ.

ಉಮರ್ (ರ) ಅವರ ಕಾಲದಲ್ಲೂ ಒಂದು ನಿಯಮ ಹೀಗೇ ತಪ್ಪಿತ್ತು. ಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಖಜಾನೆಯಿಂದ ಭತ್ಯೆ ಎಂದಿತ್ತು. ಒಂದು ರಾತ್ರಿ ಮದೀನಾದ ಹೊರಗೆ ತಂಗಿದ್ದ ವ್ಯಾಪಾರಿಗಳ ಬಿಡಾರದ ಕಾವಲಿಗೆ ಅವರು ಹೋಗಿದ್ದಾಗ ಕೂಸೊಂದು ಅಳುವುದು ಕೇಳಿಸಿತು. ಹೋಗಿ ಹೇಳಿ ಬಂದರು, ಮತ್ತೆ ಅಳು. ಮೂರನೆಯ ಬಾರಿ ತಾಯಿಯನ್ನು ಗದರಿಸಿದರು. ಎದುರಿಗಿರುವವರು ಖಲೀಫ ಎಂದು ತಿಳಿಯದ ಆ ತಾಯಿ ನಿಜ ಹೇಳಿದಳು: ಹಾಲು ಬಿಟ್ಟ ಮಗುವಿಗೆ ಮಾತ್ರ ಉಮರ್ ಕೊಡುತ್ತಾರೆ, ಅದಕ್ಕೇ ಬೇಗ ಹಾಲು ಬಿಡಿಸುತ್ತಿದ್ದೇನೆ. ಆ ದಿನ ಫಜ್ರ್ ನಮಾಝ್‌ನಲ್ಲಿ ಉಮರ್ ಅವರ ಅಳುವಿನಿಂದ ಕಿರಾಅತ್ ಜನರಿಗೆ ಸರಿಯಾಗಿ ಕೇಳಿಸಲಿಲ್ಲ. ಸಲಾಮ್ ಹೇಳಿದ ತಕ್ಷಣ, ಮಗು ಹುಟ್ಟಿದ ದಿನದಿಂದಲೇ ಭತ್ಯೆ ಎಂದು ನಿಯಮ ಬದಲಾಯಿಸಿ ಎಲ್ಲ ಪ್ರಾಂತಗಳಿಗೆ ಬರೆಸಿದರು.

ಇದರಲ್ಲಿ ಆಳುವವರಿಗೂ ಪಾಠವಿದೆ, ನಮಗೂ ಪಾಠವಿದೆ. ಒಳ್ಳೆಯ ಉದ್ದೇಶದ ನಿಯಮವೂ ಒಂದು ಷರತ್ತಿನಿಂದ ಕೂಸಿನ ಬಾಯಿಯ ಹಾಲು ಕಸಿಯಬಹುದು. ಆದರೆ ಆ ತಾಯಿ ಬಾಯಿ ಬಿಟ್ಟು ಹೇಳಿದ್ದರಿಂದ ನಿಯಮ ಬದಲಾಯಿತು. ತಪ್ಪಾದ ಕಡೆ ನಾಡಕಚೇರಿಗೆ, ತಹಸೀಲ್ದಾರರಿಗೆ, ಗ್ರಾಮಸಭೆಗೆ ಹೋಗಿ ಬರವಣಿಗೆಯಲ್ಲಿ ಹೇಳಿ, ರಸೀದಿ ಪಡೆಯಿರಿ. ವಾಟ್ಸಾಪ್‌ನಲ್ಲಿ ಬೈದರೆ ಯಾವ ಕಾರ್ಡೂ ವಾಪಸ್ ಬರುವುದಿಲ್ಲ.

ಆ ಎರಡು ಸಾವಿರ ಯಾರದು?

ಗೃಹಲಕ್ಷ್ಮಿ ಶುರುವಾಗುವ ಮುಂಚೆಯೇ ಹಣ ಅತ್ತೆಗೋ ಸೊಸೆಗೋ ಎಂದು ರಾಜ್ಯವೆಲ್ಲ ಚರ್ಚೆಯಾಯಿತು. ಕಡೆಗೆ ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ಯಾರ ಹೆಸರಿದೆಯೋ ಆಕೆಗೆ ಎಂದಾಯಿತು. ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಮನೆಯ ಹಿರಿಯ ಮಹಿಳೆಯೇ ಚೀಟಿಯ ಯಜಮಾನಿ. ಸರಕಾರದ ಮಟ್ಟದಲ್ಲಿ ಮಾತು ಮುಗಿಯಿತು. ಆದರೆ ಮನೆಯೊಳಗೆ ಮುಗಿದಿಲ್ಲ ಎಂಬುದು ನಮ್ಮ ಬಳಿ ಬರುವ ಮಸ್‌ಅಲಾಗಳಿಂದ ಗೊತ್ತಾಗುತ್ತದೆ. ಹಣ ಬಂದ ಮೆಸೇಜು ಗಂಡನ ಮೊಬೈಲಿಗೆ, ಎಟಿಎಂ ಕಾರ್ಡ್ ಮಗನ ಜೇಬಿನಲ್ಲಿ, ಅಮ್ಮಿಯ ಕೈಗೆ ಸಹಿ ಮಾಡುವ ಕೆಲಸ ಮಾತ್ರ. ಹೀಗಿರುವ ಮನೆಗಳಿವೆ.

ಶರೀಅತ್ ಇಲ್ಲಿ ಸ್ಪಷ್ಟವಾಗಿದೆ. ಹೆಂಗಸಿನ ಹೆಸರಿಗೆ ಬಂದ ಸೊತ್ತು ಹೆಂಗಸಿನದು. ಅವಳ ಮಹರ್ ಹೇಗೋ, ತವರಿನ ಪಾಲು ಹೇಗೋ ಇದೂ ಹಾಗೆ. ಮನೆ ನಡೆಸುವ ಖರ್ಚು, ನಫಖಾ, ಗಂಡನ ಮೇಲೆ ವಾಜಿಬ್. ಸರಕಾರ 2,000 ಕೊಡುತ್ತದಲ್ಲ ಎಂದು ಗಂಡ ತಾನು ಕೊಡುವುದರಲ್ಲಿ 2,000 ಕಡಿಮೆ ಮಾಡಿದರೆ, ಆ ಹಣ ಹೆಂಡತಿಗೆ ಬಂದಂತಾಗಲಿಲ್ಲ, ಅವನಿಗೇ ಬಂದಂತಾಯಿತು. ಹಿಂದ್ ಬಿಂತ್ ಉತ್ಬಾ ಎಂಬ ಮಹಿಳೆ ತನ್ನ ಗಂಡ ಅಬೂ ಸುಫ್ಯಾನ್ ಕೈಬಿಗಿ ಎಂದು ದೂರು ತಂದಾಗ, ತನಗೂ ಮಕ್ಕಳಿಗೂ ಸಾಕಾಗುವಷ್ಟನ್ನು ರೀತಿಗೆ ತಕ್ಕಂತೆ ಅವನ ಹಣದಿಂದ ತೆಗೆದುಕೊಳ್ಳಲು ಪ್ರವಾದಿ (ಸ) ಅನುಮತಿ ಕೊಟ್ಟರು. ಹೆಂಡತಿ ಗಂಡನ ಹಣದಿಂದ ತೆಗೆದುಕೊಳ್ಳುವ ಮಾತು ಇದೆ. ಗಂಡ ಹೆಂಡತಿಯ ಹಣದಿಂದ ಕೇಳದೆ ತೆಗೆದುಕೊಳ್ಳುವ ಮಾತು ಎಲ್ಲೂ ಇಲ್ಲ.

ಹಾಗಾದರೆ ಹೆಂಗಸು ಆ ಹಣವನ್ನು ಮನೆಗೆ ಕೊಡಬಾರದೇ? ಮನಸಾರೆ ಕೊಟ್ಟರೆ ಅದು ದೊಡ್ಡ ಪುಣ್ಯ. ಅಬ್ದುಲ್ಲಾ ಬಿನ್ ಮಸ್‌ಊದ್ (ರ) ಅವರ ಪತ್ನಿ ಝೈನಬ್ (ರ) ಕೈಯಲ್ಲಿ ಹಣವಿದ್ದವರು, ಗಂಡ ಬಡವರು. ಗಂಡನಿಗೂ ತನ್ನ ಆಸರೆಯಲ್ಲಿರುವ ಅನಾಥ ಮಕ್ಕಳಿಗೂ ಖರ್ಚು ಮಾಡಿದರೆ ಸದಕ ಆಗುತ್ತದೆಯೇ ಎಂದು ಕೇಳಿಸಿದರು. ಎರಡು ಪ್ರತಿಫಲವಿದೆ, ಒಂದು ಸಂಬಂಧಕ್ಕೆ, ಒಂದು ಸದಕಕ್ಕೆ ಎಂದು ಪ್ರವಾದಿ ತಿಳಿಸಿದರು. ಗಮನಿಸಿ, ಅದನ್ನು ಸದಕ ಎಂದರು. ತನ್ನದಾದ ಸೊತ್ತನ್ನು ಕೊಟ್ಟರೆ ಮಾತ್ರ ಸದಕ ಆಗುತ್ತದೆ.

ಅತ್ತೆಯಂದಿರಿಗೂ ಒಂದು ಮಾತು. ಚೀಟಿಯಲ್ಲಿ ನಿಮ್ಮ ಹೆಸರಿದೆ, ಹಣ ನಿಮ್ಮದೇ. ಆದರೆ ಬಾಣಂತಿ ಸೊಸೆ ಹಾಲಿಗೆ ಇಪ್ಪತ್ತು ರೂಪಾಯಿ ಕೇಳಲು ಮೂರು ದಿನ ಹೆದರುವಂತಾದರೆ ಆ ಮನೆಯಲ್ಲಿ ಬರ್ಕತ್ ಇರುವುದಿಲ್ಲ. ಸೊಸೆಯಂದಿರೇ, ಮುದುಕಿಯ ಔಷಧಿಗೆ ಅದೊಂದೇ ದಾರಿಯಾಗಿದ್ದರೆ ಅದರ ಮೇಲೆ ಕಣ್ಣಿಡಬೇಡಿ, ಆ ಹಣಕ್ಕಾಗಿ ಕುಟುಂಬ ಒಡೆದು ಬೇರೆ ಕಾರ್ಡ್ ಮಾಡಿಸುವ ಹಟ ಬೇಡ.

ನಮ್ಮ ಗಡಿಯ ಊರಿಗೆ ಇನ್ನೊಂದು ಸಮಸ್ಯೆ ಇದೆ. ನಮ್ಮ ಮನೆಗಳಿಗೆ ಸೊಸೆಯಂದಿರು ವಾಣಿಯಂಬಾಡಿಯಿಂದ, ಆಂಬೂರಿನಿಂದ, ವಿ.ಕೋಟದಿಂದ, ಕುಪ್ಪಂನಿಂದ ಬರುತ್ತಾರೆ. ನಿಕಾಹ್ ಆಗಿ ಎರಡು ಮಕ್ಕಳಾದರೂ ಅವಳ ಹೆಸರು ತವರಿನ ಕಾರ್ಡಿನಲ್ಲೇ ಇರುತ್ತದೆ, ಆಧಾರ್‌ನಲ್ಲಿ ತವರಿನ ವಿಳಾಸ. ತಮಿಳುನಾಡಿನಲ್ಲಿ 2021ರಿಂದ ಹೆಂಗಸರಿಗೆ ಬಸ್ಸು ಉಚಿತ, ಆಂಧ್ರದಲ್ಲಿ 2025ರ ಆಗಸ್ಟ್ 15ರಿಂದ. ಗಡಿಯ ಮೂರೂ ಕಡೆ ಉಚಿತ, ಆದರೆ ಕ್ಯಾಸಂಬಳ್ಳಿಯ ಸೊಸೆ ಇಲ್ಲಿ ಟಿಕೆಟ್ ಕೊಳ್ಳಬೇಕು, ಯಾಕೆಂದರೆ ಇಲ್ಲಿಯವಳೆಂದು ತೋರಿಸಲು ಕಾಗದವಿಲ್ಲ. ನಿಕಾಹ್ ಆದ ಮೇಲೆ ಮದುವೆ ನೋಂದಣಿ ಮಾಡಿಸಿ, ತವರಿನ ಕಾರ್ಡಿನಿಂದ ಹೆಸರು ತೆಗೆಸಿದ ಪತ್ರ ತಂದು ಇಲ್ಲಿ ಸೇರಿಸಿ, ಆಧಾರ್ ವಿಳಾಸ ಬದಲಾಯಿಸಿ. ಇದನ್ನು ಮಾಡಿಸಿಕೊಡುವುದು ಗಂಡನ ಕೆಲಸ. ಎರಡು ರಾಜ್ಯಗಳಲ್ಲೂ ಹೆಸರು ಇಟ್ಟುಕೊಂಡು ಎರಡು ಕಡೆ ಪಡೆಯುವುದು ಮಾತ್ರ ಹೊದಿಕೆ ಎತ್ತಿಕೊಂಡ ಲೆಕ್ಕಕ್ಕೇ ಸೇರುತ್ತದೆ.

ಹೊರಗಿನವರು ಯಾರು?

ಕೊನೆಯ ವಿಷಯ. 2024ರ ಜುಲೈಯಲ್ಲಿ ಖಾಸಗಿ ಕೆಲಸಗಳಲ್ಲಿ ಸ್ಥಳೀಯರಿಗೆ ಮೀಸಲು ಇಡುವ ಮಸೂದೆಗೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಮೇಲಿನ ಹುದ್ದೆಗಳಲ್ಲಿ 50, ಉಳಿದವುಗಳಲ್ಲಿ 70 ಶೇಕಡಾ. ಕಂಪನಿಗಳು ಗಲಾಟೆ ಮಾಡಿದ ಮೇಲೆ ಅದನ್ನು ತಡೆಹಿಡಿದರು. ಆ ಮಸೂದೆಯಲ್ಲಿ ಸ್ಥಳೀಯ ಎಂದರೆ ಇಲ್ಲಿ ಹುಟ್ಟಿ, 15 ವರ್ಷ ಇಲ್ಲಿ ನೆಲೆಸಿ, ಕನ್ನಡ ಮಾತನಾಡಲು, ಓದಲು, ಬರೆಯಲು ಬರುವವನು. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ತೆಲುಗು, ಕೆಜಿಎಫ್‌ನಲ್ಲಿ ತಮಿಳು ಆಡುವ ನಮ್ಮ ಹುಡುಗರು ಇದನ್ನು ಕಿವಿಗೊಟ್ಟು ಕೇಳಬೇಕು. ಉರ್ದು ನಮ್ಮ ಮನೆಯ ಭಾಷೆ, ಅದು ಇರಲಿ. ಆದರೆ ಕನ್ನಡ ಓದಲು ಬರೆಯಲು ಬಾರದ ಮಗುವನ್ನು ನಾವೇ ನಮ್ಮ ಕೈಯಾರೆ ನಾಡಿನಲ್ಲಿ ಹೊರಗಿನವನನ್ನಾಗಿ ಮಾಡುತ್ತೇವೆ.

ಊರಿನ ಮಕ್ಕಳಿಗೆ ಮೊದಲು ಕೆಲಸ ಬೇಕು ಎನ್ನುವುದು ತಪ್ಪಲ್ಲ. ಅದರ ಬೆನ್ನಿಗೇ ಬರುವ ದ್ವೇಷ ತಪ್ಪು. ಕೆಜಿಎಫ್ ಬಂದವರ ಊರು. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿ ಹಿಡಿದ ಮೇಲೆ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯ ಬಡವರು ಬಂದು ಸುರಂಗಕ್ಕೆ ಇಳಿದರು. ಮೂರು ಕಿಲೋಮೀಟರ್‌ಗೂ ಆಳ ಇಳಿದು ತೆಗೆದ ಚಿನ್ನದಿಂದ ನಾಡು ಬೆಳೆಯಿತು. ಅವರ ಮೊಮ್ಮಕ್ಕಳು ಈಗ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ನಮ್ಮ ಮಕ್ಕಳು ದುಬೈ, ರಿಯಾದ್‌ಗಳಲ್ಲಿ ಹೊರಗಿನವರಾಗಿ ಬದುಕುತ್ತಾರೆ. ಅಲ್ಲಿ ನಮ್ಮ ಮಗನಿಗೆ ಯಾರಾದರೂ ಕೆಟ್ಟ ಮಾತು ಆಡಿದರೆ ಕರುಳು ಚುರುಕ್ ಎನ್ನುತ್ತದೆ. ಇಲ್ಲಿ ಕಟ್ಟಡದ ಕೆಲಸಕ್ಕೆ, ಇಟ್ಟಿಗೆ ಗೂಡಿಗೆ ಬಂದ ಬಿಹಾರದ, ಒಡಿಶಾದ, ಬಂಗಾಳದ ಹುಡುಗನಿಗೂ ಒಬ್ಬ ತಾಯಿ ಇದ್ದಾಳೆ.

2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಕೂಲಿಗಳ ಗುಡಿಸಲುಗಳನ್ನು, ಇವರು ಬಾಂಗ್ಲಾದೇಶದವರು ಎಂಬ ಗುಮಾನಿಯ ಮೇಲೆ ಕೆಡವಿದರು. ಅಲ್ಲಿದ್ದವರಲ್ಲಿ ಅಸ್ಸಾಂ, ತ್ರಿಪುರಾದವರಿದ್ದರು, ನಮ್ಮದೇ ಉತ್ತರ ಕರ್ನಾಟಕದವರೂ ಇದ್ದರು. ಹೈಕೋರ್ಟ್ ಮಧ್ಯೆ ಬಂದು ತಡೆಯಿತು. ಅಷ್ಟರಲ್ಲಿ ಪಾತ್ರೆ ಪಗಡೆ ಮಣ್ಣುಪಾಲಾಗಿತ್ತು. ಕಾನೂನು ಮೀರಿ ಗಡಿ ದಾಟಿ ಬಂದವರಿದ್ದರೆ ಅದನ್ನು ನೋಡಲು ಸರಕಾರವಿದೆ, ನ್ಯಾಯಾಲಯವಿದೆ. ಮುಖ ನೋಡಿ, ಮಾತಿನ ಧಾಟಿ ನೋಡಿ, ಗಡ್ಡ ನೋಡಿ ತೀರ್ಪು ಕೊಡುವ ಅಧಿಕಾರ ಬೀದಿಯವರಿಗಿಲ್ಲ. ಗಡ್ಡದ ಕಾರಣಕ್ಕೆ ಗುಮಾನಿಗೆ ಒಳಗಾಗುವುದು ಹೇಗಿರುತ್ತದೆಂದು ಬಲ್ಲ ನಾವೇ ಇನ್ನೊಬ್ಬನನ್ನು ಭಾಷೆಯ ಕಾರಣಕ್ಕೆ ಗುಮಾನಿಯಿಂದ ನೋಡಿದರೆ, ಅನುಭವದಿಂದ ಕಲಿತದ್ದೇನು?

ಮಕ್ಕಾದ ಹಿಂಸೆ ತಾಳಲಾರದೆ ಸಹಾಬಿಗಳು ಅಬಿಸೀನಿಯಾಕ್ಕೆ ಹೋದಾಗ ಅಲ್ಲಿಯ ದೊರೆ ನಜ್ಜಾಶಿ ಕ್ರೈಸ್ತ. ಕುರೈಶರು ಉಡುಗೊರೆ ಹಿಡಿದು ಬಂದು, ಇವರನ್ನು ನಮಗೆ ಒಪ್ಪಿಸಿ ಎಂದರು. ದರ್ಬಾರಿನವರು ತಲೆಯಾಡಿಸಿದರು. ದೊರೆ ಮಾತ್ರ, ನನ್ನ ನೆಲಕ್ಕೆ ಬಂದವರ ಮಾತು ಕೇಳದೆ ಒಪ್ಪಿಸಲಾರೆ ಎಂದನು. ಜಅ್‌ಫರ್ (ರ) ಅವರ ಮಾತು ಕೇಳಿ, ಉಡುಗೊರೆ ವಾಪಸ್ ಕಳಿಸಿ, ಆಸರೆ ಕೊಟ್ಟನು. ಅಂದು ಮುಸ್ಲಿಮರನ್ನು ಉಳಿಸಿದ್ದು ಮೊದಲು ಕೇಳೋಣ ಎಂದ ಆ ದೊರೆಯ ನ್ಯಾಯಬುದ್ಧಿ. ಝಕಾತ್ ಪಡೆಯುವ ಎಂಟು ವರ್ಗಗಳಲ್ಲಿ ಊರು ಬಿಟ್ಟು ದಾರಿಯಲ್ಲಿರುವವನೂ ಒಬ್ಬ ಎಂಬುದನ್ನು ಮರೆಯಬೇಡಿ. ನಮ್ಮ ದೇಶದ ಒಂದೇ ಪಡಿತರ ಚೀಟಿ ವ್ಯವಸ್ಥೆಯಲ್ಲೂ ಬೇರೆ ರಾಜ್ಯದ ಚೀಟಿ ಇರುವ ಕೂಲಿ ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲಿ ತನ್ನ ಪಾಲಿನ ಧಾನ್ಯ ಪಡೆಯಬಹುದು. ಅವನು ಸಾಲಿನಲ್ಲಿ ನಿಂತರೆ ಮುಖ ಗಂಟಿಕ್ಕಬೇಡಿ, ಅವನ ಪಾಲನ್ನೇ ಅವನು ಪಡೆಯುತ್ತಿದ್ದಾನೆ.

ಬಂದವರಿಗೂ ಒಂದು ಮಾದರಿ ಇದೆ. ಮದೀನಾಕ್ಕೆ ಬಂದ ಅಬ್ದುರ್ರಹ್ಮಾನ್ ಬಿನ್ ಔಫ್ (ರ) ಅವರಿಗೆ ಅನ್ಸಾರಿ ಸಹೋದರ ಸಅದ್ ಬಿನ್ ರಬೀಅ್ (ರ) ತಮ್ಮ ಸಂಪತ್ತಿನ ಅರ್ಧ ಕೊಡಲು ಮುಂದಾದರು. ಅವರು ದುಆ ಮಾಡಿ, ಸಂತೆಯ ದಾರಿ ತೋರಿಸಿ ಸಾಕು ಎಂದರು. ತುಪ್ಪ, ಗಿಣ್ಣು ಮಾರಿ ಬದುಕು ಕಟ್ಟಿದರು. ಸಅದ್ ಅವರಂಥ ಮನಸ್ಸು ಊರಿನವರಲ್ಲಿ, ಅಬ್ದುರ್ರಹ್ಮಾನ್ ಅವರಂಥ ಮನಸ್ಸು ಬಂದವರಲ್ಲಿ ಇದ್ದರೆ ಜಗಳಕ್ಕೆ ಜಾಗವೇ ಇರುವುದಿಲ್ಲ.

ಈ ವಾರ ಮಾಡಬೇಕಾದದ್ದು

ಸಹೋದರರೇ, ಕೇಳಿ ಎದ್ದು ಹೋದರೆ ಸಾಲದು. ನಿಮ್ಮ ಮನೆಯ ಪಡಿತರ ಚೀಟಿಯನ್ನು ಈ ವಾರ ಕೈಗೆ ತೆಗೆದುಕೊಂಡು ನೋಡಿ. ಇದು ನಮ್ಮ ಹಕ್ಕೇ? ಇದರಲ್ಲಿ ಇರಬೇಕಾದವರ ಹೆಸರು ಬಿಟ್ಟುಹೋಗಿದೆಯೇ? ಮೃತರ ಹೆಸರು ಹಾಗೇ ಉಳಿದಿದೆಯೇ? ಹೆಂಡತಿಯ ಅಥವಾ ತಾಯಿಯ ಎಟಿಎಂ ಕಾರ್ಡ್ ಜೇಬಿನಲ್ಲಿದ್ದರೆ ಇಂದೇ ಆಕೆಯ ಕೈಗೆ ಕೊಡಿ. ಆಕೆಗೆ ಬಳಸಲು ಬಾರದಿದ್ದರೆ ಕಲಿಸಿ.

ಪದವಿ ಓದಿದ ಹುಡುಗರು ಜುಮಾ ಮುಗಿದ ಮೇಲೆ ಒಂದು ಗಂಟೆ ಮದರಸಾದಲ್ಲಿ ಕೂರಲಿ. ಅರ್ಜಿ ತುಂಬಲು ಬಾರದವರಿಗೆ ತುಂಬಿಕೊಡಲಿ. ಮಸೀದಿಯ ಬಾಗಿಲು ಎಂದು ಹಿಂಜರಿಯದೆ ಹಿಂದೂ ತಾಯಂದಿರು, ಕ್ರೈಸ್ತ ಸಹೋದರರು, ಇಟ್ಟಿಗೆ ಗೂಡಿನ ಕೂಲಿಗಳು ಬರುವಂತೆ ನಾವೇ ಹೋಗಿ ಹೇಳೋಣ. ಒಂದು ರೂಪಾಯಿಯೂ ಪಡೆಯಬಾರದು. ಸರಕಾರ ಕೊಡುತ್ತದೆ ಎಂದು ಯಾರೂ ಝಕಾತ್ ತಡೆಯಬಾರದು. ಸರಕಾರದ ಪಟ್ಟಿಯಲ್ಲಿ ಬಿಟ್ಟುಹೋದವರನ್ನು ಹುಡುಕಿ ತಲುಪಿಸುವುದೇ ಝಕಾತ್‌ನ ಕೆಲಸ.

ಅಲ್ಲಾಹನೇ, ನಮ್ಮ ಮನೆಗಳಿಗೆ ಹಲಾಲ್ ಅನ್ನ ಕೊಡು, ಇನ್ನೊಬ್ಬರ ಪಾಲಿನಿಂದ ನಮ್ಮ ಕೈಗಳನ್ನು ಕಾಪಾಡು. ನಮ್ಮ ಮನೆಯ ಹೆಂಗಸರ ಹಕ್ಕನ್ನು ಅವರಿಗೆ ಸಲ್ಲಿಸುವ ಬುದ್ಧಿ ಕೊಡು. ಪರವೂರಿನಲ್ಲಿ ದುಡಿಯುವ ನಮ್ಮ ಮಕ್ಕಳನ್ನೂ, ನಮ್ಮೂರಿಗೆ ಬಂದು ದುಡಿಯುವ ಪರವೂರಿನ ಮಕ್ಕಳನ್ನೂ ಕಾಪಾಡು. ನಮ್ಮನ್ನು ಆಳುವವರಿಗೆ ಬಡವರ ಅಳು ಕೇಳುವ ಕಿವಿ ಕೊಡು. ಆಮೀನ್.